ನೆಲದೊಳಗಿನ ಸಿಂಗಾರದ ಪೆಟ್ಟಿಗೆ

ಉಡಿದಾರಕ್ಕೆ ಮುಳ್ಳು ಕೀಳುವ ಚಿಮಟವನ್ನೂ ಗುಗ್ಗೆ ತೆಗೆಯುವ ಕಡ್ಡಿಯನ್ನೂ ಸಿಕ್ಕಿಸಿಕೊಂಡು ತಿರುಗುತ್ತಿದ್ದ ಹಳ್ಳಿಯ ಹಿರಿಯರನ್ನು ನಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅಂಥವರಿಗೆ, ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಆಗಾಗ ದೊರೆಯುವ ರೋಮನರ ಕಾಲದ ಒಂದು ಗೊಂಚಲನ್ನು ಗುರುತಿಸುವುದು ಕಷ್ಟವಾಗದು. ಒಂದು ಚಿಕ್ಕ ಉಂಗುರ, ಅದಕ್ಕೆ ಜೋತುಬಿದ್ದ ಕಂಚಿನ ಮೂರು ಸಾಮಾನು. ಒಂದು, ಕೂದಲು ಕೀಳುವ ಚಿಮಟ. ಇನ್ನೊಂದು, ತುದಿಯಲ್ಲಿ ಪುಟ್ಟ ಸೌಟಿನಂತಿರುವ ಕಿವಿಯ ಕಡ್ಡಿ. ಮೂರನೆಯದು ಹಾವಿನ ನಾಲಗೆಯಂತೆ ಕವಲೊಡೆದ, ಉಗುರಿನ ಕೊಳೆ ತೆಗೆಯುವ ಕಡ್ಡಿ.

ರೋಮನರಿಗೆ ಸ್ನಾನವೆಂಬುದು ಬರಿಯ ಮೈತೊಳೆಯುವ ಕೆಲಸವಾಗಿರಲಿಲ್ಲ. ಸಾರ್ವಜನಿಕ ಸ್ನಾನಗೃಹ ಊರಿನ ಮಂದಿಯೆಲ್ಲ ಸೇರುವ ತಾಣ. ಅಲ್ಲಿ ಎಣ್ಣೆ ತಿಕ್ಕುವವರು, ತಿಂಡಿ ಮಾರುವವರು, ಕೂದಲು ಕೀಳುವವರು ಎಲ್ಲರೂ ಇರುತ್ತಿದ್ದರು. ಇಂಥ ಸ್ನಾನಗೃಹದ ಮೇಲುಮನೆಯಲ್ಲಿ ವಾಸವಾಗಿದ್ದ ತತ್ತ್ವಜ್ಞಾನಿ ಸೆನೆಕ ಈ ಗದ್ದಲವನ್ನು ಒಂದು ಪತ್ರದಲ್ಲಿ ಬಣ್ಣಿಸಿದ್ದಾನೆ. ಕೂದಲು ಕೀಳುವವನು ಗಿರಾಕಿಗಾಗಿ ಕಿರುಚುತ್ತಲೇ ಇರುತ್ತಾನಂತೆ. ಅವನು ಬಾಯಿ ಮುಚ್ಚುವುದು ಒಬ್ಬನ ಕಂಕುಳಿಗೆ ಕೈಹಾಕಿದಾಗ ಮಾತ್ರ, ಆಗ ಕಿರುಚುವ ಸರದಿ ಆ ಗಿರಾಕಿಯದು!

ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೇನೆ ಬ್ರಿಟನ್ನಿನ ಮೇಲೆ ದಂಡೆತ್ತಿ ಹೋಯಿತು. ಅದರ ಹಿಂದೆಯೇ ಈ ಸ್ನಾನದ ನಾಗರಿಕತೆಯೂ ಹೋಯಿತು. ಇಂದು ರಾಕ್ಸಿಟರ್ ಎಂಬ ಸಣ್ಣ ಹಳ್ಳಿಯಾಗಿರುವ ಅಂದಿನ ವಿರೊಕೋನಿಯಂ ಪಟ್ಟಣದ ಅಗೆತದಲ್ಲಿ 50ಕ್ಕೂ ಹೆಚ್ಚು ಚಿಮಟಗಳು ದೊರೆತಿವೆ. ಬ್ರಿಟನ್ನರು ಸ್ನಾನಗೃಹಕ್ಕೂ ಔತಣಕ್ಕೂ ಮರುಳಾಗಿ, ತಮ್ಮ ದಾಸ್ಯವನ್ನೇ ಸಂಸ್ಕೃತಿಯೆಂದು ತಿಳಿದರೆಂದು ಇತಿಹಾಸಕಾರ ಟ್ಯಾಸಿಟಸ್ ಚುಚ್ಚಿ ಬರೆದಿದ್ದಾನೆ.

ಆದರೆ ಮಣ್ಣಿನ ಸಾಕ್ಷ್ಯ ಈ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಉಗುರಿನ ಕಡ್ಡಿ ರೋಮನರ ದಂಡಯಾತ್ರೆಗೆ ಮೊದಲೇ ಬ್ರಿಟನ್ನಿನಲ್ಲಿ ಬಳಕೆಯಲ್ಲಿತ್ತು. ಬಣ್ಣ ಅರೆಯುವುದಕ್ಕೆಂದು ಮಾಡಿದ, ಬಿದಿಗೆಯ ಚಂದ್ರನಂತೆ ಬಾಗಿದ ಪುಟ್ಟ ಕಂಚಿನ ಒರಳು-ಕುಟ್ಟಣಿಗಳಂತೂ ಆ ನಾಡಿಗೇ ವಿಶಿಷ್ಟವಾದವು. ಎಂದಮೇಲೆ ಸೋತವರು ಗೆದ್ದವರನ್ನು ಕಣ್ಣುಮುಚ್ಚಿ ಅನುಕರಿಸಿದರೆಂದು ಹೇಳುವಂತಿಲ್ಲ. ಹೊಸತರ ನಡುವೆ ತಮ್ಮ ಸಿಂಗಾರದ ರೀತಿಯನ್ನೂ ಅವರು ಉಳಿಸಿಕೊಂಡರು. ಸಾಮಾನ್ಯ ಜನರ ಈ ಮಾತನ್ನು ಬರೆದಿಟ್ಟ ಗ್ರಂಥವಿಲ್ಲ. ಅದನ್ನು ಹೇಳುವುದು ಈ ಕಂಚಿನ ಚೂರುಗಳು, ಮುಖ್ಯವಾಗಿ ಅವು ಎಲ್ಲೆಲ್ಲಿ ದೊರೆತವೆಂಬ ಲೆಕ್ಕ.

ಈ ಚೂರುಗಳಲ್ಲಿ ಬಹುಪಾಲನ್ನು ಹುಡುಕಿದವರು ವಿದ್ವಾಂಸರಲ್ಲ. ಬಿಡುವಿನ ವೇಳೆಯಲ್ಲಿ ಲೋಹಶೋಧಕ ಯಂತ್ರವನ್ನು ಹಿಡಿದು ಹೊಲ ಸುತ್ತುವ ಹವ್ಯಾಸಿಗಳು. ರೇಡಿಯೋ ಕೇಳುವವರಿಗೆ ಈ ಯಂತ್ರ ದೂರದ ನಂಟನೇ ಸರಿ. ಕೋಲಿನ ತುದಿಯ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು ಸುತ್ತಲೂ ಅಯಸ್ಕಾಂತಕ್ಷೇತ್ರವೊಂದು ಏರಿಳಿಯುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ಪ್ರವಾಹ ಹುಟ್ಟಿ ಆ ಕ್ಷೇತ್ರವನ್ನು ಕಲಕುತ್ತದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಸದ್ದು ಕೇಳುತ್ತದೆ. ಟೆಲಿಫೋನಿನ ಜನಕ ಗ್ರಹಾಂ ಬೆಲ್ 1881ರಲ್ಲಿ ಇಂಥದೊಂದು ಉಪಕರಣದಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ಮೈಯಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಯತ್ನಿಸಿ ಸೋತನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿ ರೂಪಿಸಿದ ಶೋಧಕ, 1942ರ ಎಲ್ ಅಲಮೇನ್ ಕದನದಲ್ಲಿ ನೆಲಬಾಂಬುಗಳನ್ನು ಪತ್ತೆ ಮಾಡಿತು. ಯುದ್ಧ ಮುಗಿದ ಮೇಲೆ ಯಂತ್ರ ಹವ್ಯಾಸಿಗಳ ಕೈ ಸೇರಿತು.

ಯಂತ್ರಕ್ಕೆ ಲೋಹ ಕೇಳಿಸುತ್ತದೆ, ಆದರೆ ಇತಿಹಾಸ ಕೇಳಿಸುವುದಿಲ್ಲ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದನ್ನು ಗುರುತು ಹಾಕದೆ ಕಿತ್ತ ಚಿಮಟ ಮೂಕವಾಗುತ್ತದೆ. ರಾತ್ರಿಯ ಹೊತ್ತು ಕದ್ದು ಅಗೆಯುವವರು ಕದಿಯುವುದು ಕಂಚನ್ನಷ್ಟೇ ಅಲ್ಲ, ಆ ಮಾತನ್ನೂ ಕೂಡ.

ಇದಕ್ಕೆ ಎದುರಾದ ನಡತೆಯ ನಿದರ್ಶನವೂ ಉಂಟು. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಗ್ರಾಮದ ಬಳಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅವನ ಗೆಳೆಯನೊಬ್ಬ ಅದನ್ನು ಹುಡುಕಲು ಯಂತ್ರ ಹಿಡಿದು ಹೊರಟ. ಸಿಕ್ಕಿದ್ದು ಬಂಗಾರ, ಬೆಳ್ಳಿ! ಸ್ವಲ್ಪ ತೆಗೆದೊಡನೆ ಅವನು ಅಗೆಯುವುದನ್ನು ನಿಲ್ಲಿಸಿದ; ಅಧಿಕಾರಿಗಳಿಗೆ ಸುದ್ದಿ ಹೋಯಿತು. ಮರುದಿನ ಪುರಾತತ್ತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ಬಿಡಿಸಿದರು. 14,000ಕ್ಕೂ ಮೀರಿದ ನಾಣ್ಯಗಳು, ಒಡವೆಗಳು, ಬೆಳ್ಳಿಯ ಹಲ್ಲುಕಡ್ಡಿಗಳು, ಕಿವಿಯ ಕಡ್ಡಿಗಳು. ಆ ತಾಳ್ಮೆಯಿಂದಲೇ ಅವೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಲ್ಪಟ್ಟಿದ್ದವೆಂಬುದು ತಿಳಿಯಿತು. ಸುತ್ತಿಗೆಯೂ ಸಿಕ್ಕಿತು, ಅದು ಕೂಡ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು.

1996ರ ನಿಧಿ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಹಳೆಯ ಚಿನ್ನ, ಬೆಳ್ಳಿ ಸಿಕ್ಕಿದರೆ ತಿಳಿಸಲೇಬೇಕು. ಒಂಟಿ ಕಂಚಿನ ಚಿಮಟಕ್ಕೆ ಸಾಮಾನ್ಯವಾಗಿ ಆ ಕಟ್ಟಳೆಯಿಲ್ಲ. ಅದನ್ನು ತೋರಿಸುವುದು ಸಿಕ್ಕವನ ಸಜ್ಜನಿಕೆಗೆ ಬಿಟ್ಟದ್ದು. ಇಂಥವನ್ನು ನೋಡಿ, ದಾಖಲೆ ಮಾಡಿಕೊಂಡು, ಮರಳಿ ಕೊಡುವ ಯೋಜನೆಯೊಂದು 1997ರಲ್ಲಿ ಆರಂಭವಾಯಿತು. ಅದರಲ್ಲಿ ಈವರೆಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಸಜ್ಜನಿಕೆಯನ್ನು ನಂಬಿದ್ದು ವ್ಯರ್ಥವಾಗಲಿಲ್ಲ.

ಹಾಕ್ಸನ್ನಿನ ನಿಧಿಯಲ್ಲಿ ಕರಿಮೆಣಸಿನ ಪುಡಿ ಇಡುವ ಬೆಳ್ಳಿಯ ಡಬ್ಬಿಗಳೂ ಇದ್ದವು. ರೋಮನರಿಗೆ ಆ ಮೆಣಸು ಹೋಗುತ್ತಿದ್ದುದು ಭಾರತದ ಪಡುಗಡಲ ತೀರದಿಂದ. ಈ ಕಡೆಗೆ ಬರುತ್ತಿದ್ದುದು ಅವರ ನಾಣ್ಯ. 1947ರಲ್ಲಿ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವೀಲರರು ಅಗೆತ ನಡೆಸಿದಾಗ ತೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯ ದೊರೆಯಿತು. ಅದು ಮಲಗಿದ್ದ ಪದರವನ್ನು ಗುರುತಿಸಿದ್ದರಿಂದ, ಜೊತೆಯ ಮಡಕೆ ಚೂರುಗಳ ಕಾಲವನ್ನು ನಿರ್ಣಯಿಸಲು ನೆರವಾಯಿತು. ಅದೇ ನಾಣ್ಯವನ್ನು ಯಾರೋ ಕಿತ್ತು ಅಕ್ಕಸಾಲೆಗೆ ಮಾರಿದ್ದರೆ ದೊರೆಯುತ್ತಿದ್ದುದು ಒಂದು ಚೂರು ಬೆಳ್ಳಿ ಮಾತ್ರ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯದೇನಾದರೂ ಕಣ್ಣಿಗೆ ಬಿದ್ದರೆ ಕೈಯನ್ನು ಒಂದು ಕ್ಷಣ ತಡೆಯೋಣ. ಸಾವಿರಾರು ವರ್ಷ ಮಣ್ಣಿನಲ್ಲಿ ಕಾದಿದ್ದ ವಸ್ತು, ಬಲ್ಲವರು ಬಂದು ನೋಡುವ ತನಕ ಇನ್ನೊಂದು ದಿನ ಕಾಯಬಲ್ಲದು.