ಕಾಡುಪ್ರಾಣಿಗೂ ಕ್ಯಾಮೆರಾಕ್ಕೂ ನಡುವಿನ ದೂರ

ವನ್ಯಜೀವಿ ಛಾಯಾಗ್ರಹಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಪ್ರಾಣಿಗೂ ಕ್ಯಾಮೆರಾಕ್ಕೂ ನಡುವಿನ ದೂರವನ್ನು ನಿಭಾಯಿಸಿದ ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಕ್ಯಾಮೆರಾ ಭಾರವಾದ ಮರದ ಪೆಟ್ಟಿಗೆ. ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ಹೆಚ್ಚು ಬೆಳಕು ಬೇಕಿತ್ತು, ಎದುರಿನದು ಅಲುಗಾಡುವಂತಿರಲಿಲ್ಲ. ಹೀಗಾಗಿ ಆ ಕಾಲದ ಚಿತ್ರಗಳಲ್ಲಿ ಹುಲಿ ಕಾಣಿಸುವುದು ಹೆಚ್ಚಾಗಿ ಸತ್ತ ಮೇಲೆ, ಬೇಟೆಗಾರರ ಕಾಲ ಬಳಿ.

ಭಾರತದ ಕಾಡಿನಲ್ಲಿ ಬದುಕಿರುವ ಹುಲಿಯನ್ನು ರಾತ್ರಿ ಹೊತ್ತು ಸೆರೆಹಿಡಿದು ಹೆಸರಾದವನು ಬ್ರಿಟಿಷ್ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ಹುಲಿ ಓಡಾಡುವ ದಾರಿಗೆ ಅಡ್ಡಲಾಗಿ ಅವನು ತಂತಿ ಕಟ್ಟುತ್ತಿದ್ದ; ಹುಲಿಯ ಕಾಲು ತಗುಲಿದೊಡನೆ ಫ್ಲ್ಯಾಷ್ ಹೊತ್ತಿ ಚಿತ್ರ ದಾಖಲಾಗುತ್ತಿತ್ತು. ಈ ಚಿತ್ರಗಳು 1925ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾದವು. 1927ರಲ್ಲಿ ಅವನ ಪುಸ್ತಕವೂ ಬಂತು. ಮನುಷ್ಯ ಸ್ಥಳದಲ್ಲಿಲ್ಲದೆಯೇ ಹುಲಿಯ ಚಿತ್ರ ತೆಗೆಯಬಹುದೆಂದು ಇವು ತೋರಿಸಿಕೊಟ್ಟವು.

ಮುಂದಿನ ತಲೆಮಾರು ಕಾಲ್ನಡಿಗೆಯಲ್ಲೇ ಪ್ರಾಣಿಯ ಬಳಿಗೆ ಹೋಯಿತು. 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಎಂ. ಕೃಷ್ಣನ್, ಬಿಡಿಭಾಗಗಳನ್ನು ತಾವೇ ಜೋಡಿಸಿದ ಕ್ಯಾಮೆರಾಕ್ಕೆ ಅದರ ತೂಕ ನೋಡಿ 'ಸೂಪರ್ ಪಾಂಡೆರೋಸಾ' ಎಂದು ಹೆಸರಿಟ್ಟಿದ್ದರು. ಕೊನೆತನಕ ಕಪ್ಪು–ಬಿಳುಪಿಗೇ ಅಂಟಿಕೊಂಡ ಅವರ ಚಿತ್ರಗಳಲ್ಲಿ ಆನೆಯಷ್ಟೇ ಅಲ್ಲ, ಅದು ನಿಂತ ನೆಲ, ಗಿಡಮರಗಳೂ ಮುಖ್ಯ.

ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಗುರುಪರಂಪರೆಯೇ ಬೆಳೆಯಿತು. ಒ. ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ. ಎನ್. ಎ. ಪೆರುಮಾಳ್ (1932–2017) ಅನೇಕ ಕಿರಿಯರಿಗೆ ಗುರುವಾದರು, ಇ. ಹನುಮಂತರಾವ್ ಅದೇ ಕಾಲದ ಮತ್ತೊಂದು ದೊಡ್ಡ ಹೆಸರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ರಜಾದಿನಗಳಲ್ಲಿ, ಸ್ವಂತ ಖರ್ಚಿನಲ್ಲಿ ಕಾಡು ಸುತ್ತಿ, ಮನೆಯ ಡಾರ್ಕ್‌ರೂಮಿನಲ್ಲಿ ಚಿತ್ರ ತೊಳೆದು ಪ್ರದರ್ಶನಗಳಿಗೆ ಕಳಿಸುತ್ತಿದ್ದವರಿಂದಲೇ ಈ ಕಲೆ ಬೆಳೆಯಿತು. ರೋಲ್ ಒಂದರಲ್ಲಿ 12 ಇಲ್ಲವೇ 36 ಚಿತ್ರಗಳಷ್ಟೇ ಇದ್ದುದರಿಂದ ಗುಂಡಿ ಒತ್ತುವ ಮುನ್ನ ಯೋಚಿಸಲೇಬೇಕಿತ್ತು.

ಆಗ ಹಕ್ಕಿಯ ಚಿತ್ರವೆಂದರೆ ಹೆಚ್ಚಾಗಿ ಗೂಡಿನ ಬಳಿಯ ಚಿತ್ರ. ಗೂಡಿನಿಂದ ದೂರದಲ್ಲಿ ಬಟ್ಟೆಯ ಮರೆಯೊಂದನ್ನು ನಿಲ್ಲಿಸಿ, ಹಕ್ಕಿ ಹೆದರದಂತೆ ದಿನಕ್ಕಿಷ್ಟು ಹತ್ತಿರ ಸರಿಸುತ್ತಿದ್ದರು. ಮರೆಯೊಳಕ್ಕೆ ಇಬ್ಬರು ಹೋಗಿ, ಒಬ್ಬ ಹೊರಬಂದು ನಡೆದುಬಿಡುತ್ತಿದ್ದ. ಎಲ್ಲರೂ ಹೋದರೆಂದು ತಿಳಿದ ಹಕ್ಕಿ ಗೂಡಿಗೆ ಮರಳುತ್ತಿತ್ತು. ಒಳಗೆ ಉಳಿದವನು ಸೆಕೆಯಲ್ಲಿ ಗಂಟೆಗಟ್ಟಲೆ ಕದಲದೆ ಕೂರುತ್ತಿದ್ದ. ಹಕ್ಕಿಗಳ ನಡವಳಿಕೆಯನ್ನು ಈ ಕಾಯುವಿಕೆ ಚೆನ್ನಾಗಿ ಕಲಿಸಿತು. ಆದರೆ ಮರೆ ಕಟ್ಟುವಾಗ ಎಚ್ಚರ ತಪ್ಪಿದರೆ ತಾಯಿಹಕ್ಕಿ ಗೂಡನ್ನೇ ತೊರೆಯುವ ಅಪಾಯವಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಅಭಯಾರಣ್ಯ ಪ್ರವೇಶಿಸಿ ಚಿತ್ರ ತೆಗೆಯಲು ಅನುಮತಿಯ ವ್ಯವಸ್ಥೆ ತಂದಿತು. ಮರುವರ್ಷ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಸೇರಿತು. ಆಗ ಕರ್ನಾಟಕದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ತಾವೇ ನುರಿತ ವನ್ಯಜೀವಿ ಛಾಯಾಗ್ರಾಹಕರು. ಮೂಡಿಗೆರೆಯ ತೋಟದಲ್ಲಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದು, ಪುಸ್ತಕ ಬರೆದು, ಈ ಹುಚ್ಚನ್ನು ಕನ್ನಡದ ಮನೆಮನೆಗೆ ಹಂಚಿದರು.

1990ರ ದಶಕದಲ್ಲಿ ಚಾಂಪಿಯನ್ನನ ಉಪಾಯ ನಾಗರಹೊಳೆಯಲ್ಲಿ ವಿಜ್ಞಾನಕ್ಕೆ ಒದಗಿತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿದಾರಿಯ ಎರಡೂ ಬದಿಗೆ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಬಲ ಮಗ್ಗುಲುಗಳೂ ಬೇರೆಬೇರೆ. ಎರಡೂ ಮಗ್ಗುಲಿನ ಚಿತ್ರ ಸಿಕ್ಕರೆ ಹುಲಿಯ ಗುರುತು ಖಚಿತ. ಈ ಗುರುತುಗಳನ್ನು ಆಧರಿಸಿ ಕಾಡಿನ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನ ಬಳಕೆಗೆ ಬಂತು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮಿನ ಖರ್ಚು ತಪ್ಪಿತು. ಉದ್ದನೆಯ ಲೆನ್ಸ್ ಹಿಡಿದವರ ಸಂಖ್ಯೆ ಹೆಚ್ಚಿತು. ಗೂಡಿನ ಸುತ್ತ, ಸಫಾರಿ ದಾರಿಯಲ್ಲಿ ಜನ ಮುತ್ತುವುದೇ ಪ್ರಾಣಿಗಳಿಗೆ ಕಂಟಕವಾಯಿತು. ಹಿಂದೆ ಕೌಶಲದ ಒರೆಗಲ್ಲಾಗಿದ್ದ ಗೂಡಿನ ಚಿತ್ರಗಳನ್ನು ಇಂದು ಹಲವು ಸ್ಪರ್ಧೆಗಳು ಒಪ್ಪುವುದಿಲ್ಲ. ಚಿತ್ರಕ್ಕಿಂತ ಜೀವಿಯ ಹಿತ ದೊಡ್ಡದೆಂಬುದನ್ನು ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ನಿಯಮವಾಗಿಯೇ ಬರೆದಿಟ್ಟಿವೆ. ಒಂದು ಕಾಲಕ್ಕೆ ಉಪಕರಣದ ಮಿತಿ ನಿರ್ಧರಿಸುತ್ತಿದ್ದ ದೂರವನ್ನು ಈಗ ಛಾಯಾಗ್ರಾಹಕನ ವಿವೇಕವೇ ನಿರ್ಧರಿಸಬೇಕಾಗಿದೆ.