ವನಭೋಜನಕ್ಕೆ ಹೊರಡುವ ಮುನ್ನ: ಕಸ ಉಳಿಸದ ಹೊರಸಂಚಾರಕ್ಕೊಂದು ಕೈಪಿಡಿ

ಊರಾಚೆ ಹೋಗಿ ಒಟ್ಟಿಗೆ ಕೂತು ಉಣ್ಣುವುದು ನಮಗೆ ಹೊಸದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಆಂಧ್ರದ ಕಡೆ ಕಾರ್ತೀಕದಲ್ಲಿ ನೆಲ್ಲಿ ಮರದಡಿ ವನಭೋಜನ ನಡೆಯುತ್ತದೆ. ಹಿಂದೆ ಇಂಥ ಊಟಕ್ಕೆ ಎಲೆ, ಬಟ್ಟೆ, ಬುಟ್ಟಿ, ಚೆಂಬು ಸಾಕಾಗುತ್ತಿದ್ದವು. ಈಗ ಗುಂಪು ಎದ್ದುಹೋದ ಮೇಲೆ ಲೋಟ, ತಟ್ಟೆ, ಬಾಟಲಿಗಳ ರಾಶಿ ಉಳಿಯುವುದುಂಟು. ಅನ್ನ ಅಂಟಿದ ಪ್ಲಾಸ್ಟಿಕ್ಕನ್ನು ದನ ತಿಂದರೆ ಅದು ಹೊಟ್ಟೆಯಲ್ಲಿ ಗಂಟುಕಟ್ಟಿ ಜೀವಕ್ಕೇ ಕುತ್ತು. ಹೊಲದ ಯಜಮಾನರು ಮರುವರ್ಷ ಜಾಗ ಕೊಡಲು ಹಿಂಜರಿಯುವುದೂ ಸಹಜ. ಗಡಿ ಊರುಗಳಲ್ಲಿ ಮಕ್ಕಳು ಇಡೀ ದಿನ ಕನ್ನಡದಲ್ಲೇ ಆಡಿ ನಲಿಯುವ ಅವಕಾಶ ಅಪರೂಪ. ಅದು ವರ್ಷವರ್ಷವೂ ನಡೆಯಬೇಕಾದರೆ ಜಾಗವನ್ನು ಇದ್ದ ಹಾಗೇ ಬಿಟ್ಟು ಬರಬೇಕು.

ಜಾಗದ ಆಯ್ಕೆ

ಕಾಡಿಗಿಂತ ತೋಟ, ಹೊಲ, ಕೆರೆ ಏರಿ, ದೇವಸ್ಥಾನದ ಬಯಲು ಒಳ್ಳೆಯದು. ಯಜಮಾನರ ಅಥವಾ ಪಂಚಾಯಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ನೆರಳು, ನೀರು, ಶೌಚಾಲಯ ಇವೆಯೇ ಎಂದು ಇಬ್ಬರು ಮುಂಚಿತವಾಗಿ ಹೋಗಿ ನೋಡಿ ಬರಲಿ. ಸೊಲ್ಲಾಪುರದ ಹತ್ತಿರದ ನಾನ್ನಜ್ ಕಡೆಯ ಬಯಲು ಬರಿ ಹುಲ್ಲಿನ ಬೀಳು ಎನಿಸಬಹುದು. ಆದರೆ ಅದು ಎರ್ಲಡ್ಡು ಹಕ್ಕಿಗಾಗಿ ಕಾಯ್ದಿರಿಸಿದ ಅಭಯಾರಣ್ಯ. ಆ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಅಂಥಲ್ಲಿ ನೋಡಿ ಬರುವುದಷ್ಟೇ ಸರಿ, ಊಟ ಬೇರೆಡೆ ಇರಲಿ.

ಪ್ರಯಾಣ

ಎರಡು ಮೂರು ಜನಕ್ಕೊಂದರಂತೆ ಹದಿನೈದು ಕಾರು ಹೋಗುವ ಬದಲು ಒಂದು ಬಸ್ಸು ಗೊತ್ತುಮಾಡಿ. ಡೀಸೆಲ್ ಉಳಿಯುತ್ತದೆ, ದಾರಿಯಲ್ಲಿ ಅಂತ್ಯಾಕ್ಷರಿಯೂ ಆಗುತ್ತದೆ. ವಯನಾಡು, ನೀಲಗಿರಿಯವರು ಮೈಸೂರು ಕಡೆ ಬರುವುದಾದರೆ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತಾಳವಾಡಿಗೆ ಸತ್ಯಮಂಗಲದಿಂದ ಹೋಗುವವರು ದಿಂಬಂ ಘಾಟಿಯ 27 ತಿರುವುಗಳನ್ನು ಹಗಲಲ್ಲೇ ದಾಟಬೇಕು. ಹೊರಗಿನಿಂದ ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂದಿದೆ. ಹೊರಡುವ ಮುನ್ನ ಈಗಿನ ನಿಯಮ ನೋಡಿಕೊಳ್ಳಿ.

ಕಾನೂನು

2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಷಿದ್ಧ. ಇದಕ್ಕೂ ಮೊದಲೇ ಮಹಾರಾಷ್ಟ್ರ 2018ರಲ್ಲಿ, ತಮಿಳುನಾಡು 2019ರಲ್ಲಿ, ಕೇರಳ 2020ರಲ್ಲಿ ತಮ್ಮದೇ ನಿಷೇಧ ತಂದಿದ್ದವು. ನೀಲಗಿರಿಯಲ್ಲಿ ಸಣ್ಣ ನೀರಿನ ಬಾಟಲಿಗಳಿಗೂ ನಿಷೇಧವಿದೆ, ಚೆಕ್‌ಪೋಸ್ಟಿನಲ್ಲಿ ತಪಾಸಣೆ ನಡೆಯುತ್ತದೆ. ರಾಜ್ಯೋತ್ಸವದ ದಿನಗಳಲ್ಲಿ ಹೊರಡುವವರು ಇನ್ನೊಂದು ಗಮನಿಸಬೇಕು: ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರು ಕೂಡ 2022ರ ಪಟ್ಟಿಯಲ್ಲಿವೆ. ಹಳದಿ-ಕೆಂಪು ಬಾವುಟವನ್ನು ಬಟ್ಟೆಯಲ್ಲೇ ಹೊಲಿಸಿ. ಬ್ಯಾನರಿನಲ್ಲಿ ಇಸವಿ ಬರೆಸದಿದ್ದರೆ ಅದೇ ಬಟ್ಟೆ ಹತ್ತು ವರ್ಷ ಬರುತ್ತದೆ.

ಊಟ ಮತ್ತು ಎಲೆ

ಕಾಸರಗೋಡಿನವರಿಗೆ ಅಡಿಕೆ ಹಾಳೆಯ ತಟ್ಟೆ, ಸೊಲ್ಲಾಪುರದ ಕಡೆಯವರಿಗೆ ಮುತ್ತುಗದ ಪತ್ರಾವಳಿ, ಉಳಿದವರಿಗೆ ಬಾಳೆಲೆ ಹೊಂದುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮನೆಯ ಸ್ಟೀಲ್ ತಟ್ಟೆ ಲೋಟ. ಕಾಗದದ ಲೋಟವೆಂದು ಮೋಸಹೋಗಬೇಡಿ. ಸೋರದಿರಲೆಂದು ಅದರ ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ.

ಅಡುಗೆ ಮನೆಯಲ್ಲೇ ಆಗಲಿ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಪುಳಿಯೋಗರೆ, ಅವಲಕ್ಕಿ, ಹಲಸಿನ ಎಲೆಯ ಕೊಟ್ಟಿಗೆ, ಇವು ಬೇಗ ಕೆಡುವುದಿಲ್ಲ. ಆದೋನಿಯ ಉಗ್ಗಾಣಿಯನ್ನು ಬೆಳಗಿನ ತಿಂಡಿಗೇ ಮುಗಿಸಿ. ಎಷ್ಟು ಜನ ಬರುತ್ತಾರೆಂದು ಎರಡು ದಿನ ಮೊದಲೇ ಖಚಿತಪಡಿಸಿಕೊಂಡರೆ ಅನ್ನ ಮಿಗುವುದಿಲ್ಲ.

ನೀರು

ದಿನಕ್ಕೆ ಒಬ್ಬರಿಗೆ ಕುಡಿಯಲು ಕೈತೊಳೆಯಲು ಸೇರಿ 3 ಲೀಟರ್ ಎಂದುಕೊಂಡರೆ 40 ಜನಕ್ಕೆ 120 ಲೀಟರ್ ಬೇಕು. 20 ಲೀಟರಿನ ಆರು ಕ್ಯಾನು ಒಯ್ದರೆ 120 ಬಾಟಲಿ ಉಳಿಯಿತು. ಪಾತ್ರೆಯನ್ನು ಹಳ್ಳದೊಳಗೆ ತೊಳೆಯಬೇಡಿ. ನೀರಿನಿಂದ ಎಪ್ಪತ್ತು ಹೆಜ್ಜೆಯಾದರೂ ದೂರ, ಬೂದಿ ಅಥವಾ ಸೀಗೆಪುಡಿಯಲ್ಲಿ ತೊಳೆಯಿರಿ.

ಆಟ ಮತ್ತು ಸದ್ದು

ಧ್ವನಿವರ್ಧಕ ಬೇಡ. ಲಗೋರಿ, ಚಿನ್ನಿದಾಂಡು, ಒಗಟು ಸಾಕು. ಸುತ್ತಲಿನ ಹತ್ತು ಮರ, ಐದು ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಹೇಳುವ ಪಂದ್ಯ ಇಡಿ. ಹಿರಿಯರು ತಮ್ಮೂರಿನ ಹೆಸರು ಹೇಳಲಿ: ಒಂದೇ ಮರಕ್ಕೆ ಕಾಸರಗೋಡಿನಲ್ಲೊಂದು, ಜತ್ತದಲ್ಲೊಂದು ಹೆಸರಿದ್ದರೆ ಎರಡೂ ಮಕ್ಕಳಿಗೆ ದಕ್ಕಲಿ. ಮಂಗಗಳಿಗೆ ತಿಂಡಿ ಎಸೆಯಬೇಡಿ. ರುಚಿ ಹತ್ತಿದ ಮಂಗ ಮುಂದೆ ಬರುವವರ ಕೈಯಿಂದ ಕಿತ್ತುಕೊಳ್ಳುತ್ತದೆ.

ಕಸ

ಮೂರು ಚೀಲ ಒಯ್ಯಿರಿ: ಎಲೆ, ಸಿಪ್ಪೆ, ಉಳಿದ ಅನ್ನಕ್ಕೊಂದು, ಒಣ ಕಸಕ್ಕೊಂದು, ಮಕ್ಕಳ ಡೈಪರಿನಂಥವಕ್ಕೊಂದು. ಕಿತ್ತಳೆ ಸಿಪ್ಪೆ ಕೊಳೆಯುತ್ತದೆ ನಿಜ, ಆದರೆ ಕೊಳೆಯುವ ಮೊದಲೇ ಕಾಡುಹಂದಿ, ನಾಯಿಗಳನ್ನು ಕರೆಯುತ್ತದೆ. ಎಲ್ಲವೂ ಊರಿಗೇ ಹಿಂತಿರುಗಲಿ. ಹಸಿ ಕಸ ಗೊಬ್ಬರದ ಗುಂಡಿಗೆ, ಉಳಿದದ್ದು ಪುರಸಭೆಯ ಗಾಡಿಗೆ. ಸುಡುವುದು, ಹೂಳುವುದು ಎರಡೂ ಬೇಡ.

ಕೆಲಸ ಹಂಚಿಕೆ

ಜಾಗ ಮತ್ತು ಅನುಮತಿ, ವಾಹನ, ಊಟ, ನೀರು, ಕಸ, ಮಕ್ಕಳ ಆಟ, ಈ ಆರಕ್ಕೂ ಒಬ್ಬೊಬ್ಬರ ಹೆಸರು ಸಭೆಯಲ್ಲೇ ಬರೆದಿಡಿ. ಕಸದ ಹೊಣೆ ಪ್ರತಿವರ್ಷ ಹೆಂಗಸರ ಮೇಲೆ, ಯುವಕರ ಮೇಲೆ ಮಾತ್ರ ಬೀಳದಿರಲಿ. ಪದಾಧಿಕಾರಿಗಳೂ ಚೀಲ ಹಿಡಿಯಲಿ. ಹೊರಡಲು ಅರ್ಧ ಗಂಟೆ ಮೊದಲು ಎಲ್ಲರೂ ಸಾಲಾಗಿ ನಿಂತು ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬಿದ್ದದ್ದನ್ನೆಲ್ಲ ಆರಿಸಿ. ಆಮೇಲೆ ಜಾಗದ ಯಜಮಾನರನ್ನು ಕರೆದು ತೋರಿಸಿ, ವಂದನೆ ಹೇಳಿ ಹೊರಡಿ.