ಮಳೆ ವಿಮೆಯ ಲೆಕ್ಕ: ಚಕ್ರವರ್ತಿಯವರಿಂದ ‘ಆರ್’ ತಂತ್ರಾಂಶದವರೆಗೆ

ಹಿಂದಿನ ದಾಖಲೆಗಳಿಂದ ಮುಂದಿನ ನಷ್ಟವನ್ನು ಅಂದಾಜು ಮಾಡಿ, ಅದಕ್ಕೆ ತಕ್ಕ ಪ್ರೀಮಿಯಂ ನಿಗದಿಪಡಿಸುವ ಶಾಸ್ತ್ರವೇ ವಿಮಾಗಣಿತ. ಇದರಲ್ಲಿ ಪರಿಣತರಾದವರನ್ನು ಆಕ್ಚುಯರಿ ಎನ್ನುತ್ತಾರೆ. ನಮ್ಮ ನಾಡಿಗೆ ಈ ಲೆಕ್ಕ ಹೊಸದಲ್ಲ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲೇ ಜೀವವಿಮೆ ಆರಂಭಿಸಿತ್ತು. ಮಳೆ ವಿಮೆಯ ಕಥೆ ಇನ್ನೂ ಸ್ವಾರಸ್ಯಕರ.

ಸಂಸ್ಥಾನದ ಹಣಕಾಸು ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1915ರ ಸುಮಾರಿಗೆ ರೈತರಿಗಾಗಿ ಒಂದು ಯೋಜನೆ ರೂಪಿಸಿದರು. 1920ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು. ಪ್ರತಿ ಹೊಲದ ನಷ್ಟವನ್ನು ಅಳೆಯುವುದು ಕಷ್ಟ, ವೆಚ್ಚವೂ ಹೆಚ್ಚು. ಅದರ ಬದಲು, ಆ ಪ್ರದೇಶದ ಮಳೆಮಾಪಕ ತೋರಿಸಿದ ಕೊರತೆಗೆ ಅನುಗುಣವಾಗಿ ಎಲ್ಲರಿಗೂ ಪರಿಹಾರ ಕೊಡಬಹುದೆಂಬುದು ಅವರ ವಿಚಾರ. ಯೋಜನೆ ಜಾರಿಗೆ ಬರಲಿಲ್ಲ. ಆದರೆ 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಶುರುವಾದ ಹವಾಮಾನ ಆಧಾರಿತ ಬೆಳೆ ವಿಮೆಯ ತತ್ತ್ವವೂ ಇದೇ.

ಲೆಕ್ಕ ಹೇಗೆ?

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ಅಕ್ಕಪಕ್ಕದ ತಾಲ್ಲೂಕುಗಳು. ಘಟ್ಟದಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುವುದರಿಂದ ಸೊರಬದ ಚಂದ್ರಗುತ್ತಿಯ ಕಡೆ ಬೀಳುವಷ್ಟು ಮಳೆ ಶಿಕಾರಿಪುರದ ಬಯಲಿಗೆ ಬೀಳದು. ಬೆಳೆಯಿಂದ ಬೆಳೆಗೂ ವ್ಯತ್ಯಾಸವಿದೆ. ಮಳೆ ಕೈಕೊಟ್ಟರೆ ಮೆಕ್ಕೆಜೋಳ ಒಣಗುತ್ತದೆ. ಬಿಡದೆ ಸುರಿದರೆ ಅಡಿಕೆಗೆ ಕೊಳೆರೋಗ ತಗಲುತ್ತದೆ. ಹಾಗಾಗಿ ಒಂದೇ ಸೂತ್ರ ಎಲ್ಲೆಡೆಗೂ ಒಗ್ಗದು.

ಒಂದು ಕಲ್ಪಿತ ಉದಾಹರಣೆ ನೋಡೋಣ. 30 ವರ್ಷಗಳಲ್ಲಿ 3 ವರ್ಷ ಮಾತ್ರ ಮಳೆ ಕೊರತೆಯಾಗಿ, ಎಕರೆಗೆ 2,000, 3,000 ಮತ್ತು 4,000 ರೂಪಾಯಿ ಪರಿಹಾರ ಸಲ್ಲಬೇಕಿತ್ತು ಎನ್ನಿ. ಒಟ್ಟು 9,000ವನ್ನು 30ರಿಂದ ಭಾಗಿಸಿದರೆ 300 ರೂಪಾಯಿ. ಇದು ಖರ್ಚು, ಲಾಭ ಸೇರಿಸದ ಶುದ್ಧ ಪ್ರೀಮಿಯಂ. ಮರುವರ್ಷ ಭೀಕರ ಬರ ಬಂದು 6,000 ಸಲ್ಲಿಸಬೇಕಾದರೆ? 15,000ವನ್ನು 31ರಿಂದ ಭಾಗಿಸಿದಾಗ ಸುಮಾರು 484! ಒಂದೇ ವರ್ಷದಿಂದ ಇಷ್ಟು ಏರುಪೇರು. ಆದ್ದರಿಂದ ಸರಾಸರಿಯ ಜೊತೆಗೆ ಅದು ಎಷ್ಟು ನಂಬಲರ್ಹ ಎಂಬುದೂ ತಿಳಿಯಬೇಕು.

ಇಲ್ಲಿ ಗಣಕದ ನೆರವು ಬೇಕು. ಇರುವ 30 ವರ್ಷಗಳಿಂದಲೇ ಚೀಟಿ ಎತ್ತಿದಂತೆ ಮತ್ತೆ ಮತ್ತೆ ಮಾದರಿ ಆಯ್ದು, ಪ್ರತಿ ಸಲವೂ ಸರಾಸರಿ ಕಟ್ಟುವ ‘ಬೂಟ್‌ಸ್ಟ್ರಾಪ್’ ವಿಧಾನವನ್ನು ಬ್ರಾಡ್ಲಿ ಎಫ್ರಾನ್ 1979ರಲ್ಲಿ ಪ್ರಕಟಿಸಿದರು. 10,000 ಸಲ ಹೀಗೆ ಮಾಡುವುದು ಕೈಲೆಕ್ಕಕ್ಕೆ ಅಸಾಧ್ಯ. ‘ಆರ್’ ತಂತ್ರಾಂಶಕ್ಕೆ ಕೆಲವೇ ಕ್ಷಣಗಳ ಕೆಲಸ. ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಹುಟ್ಟಿದ ‘ಎಸ್’ ಭಾಷೆಯನ್ನು ಅನುಸರಿಸಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ‘ಆರ್’ ರಚಿಸಿದರು. 1995ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. ಭಾರತದ ಆಕ್ಚುಯರಿ ಪರೀಕ್ಷೆಗಳಲ್ಲೂ 2019ರಿಂದ ಅದರ ಬಳಕೆ ಸೇರಿದೆ.

ತಂತ್ರಾಂಶದ ಮಿತಿ

ಆದರೆ ಚಕ್ರವರ್ತಿಯವರ ವಿಚಾರದಲ್ಲೇ ಅಡಗಿದ್ದ ತೊಡಕೊಂದನ್ನು ಯಾವ ತಂತ್ರಾಂಶವೂ ನೀಗಿಸಿಲ್ಲ. ಪರಿಹಾರ ನಿರ್ಧರಿಸುವುದು ಮಳೆಮಾಪಕ, ಒಣಗುವುದು ಹೊಲ. ನಾಲ್ಕಾರು ಕಿಲೋಮೀಟರ್ ದೂರದ ಮಾಪಕದ ಮೇಲೆ ಸುರಿದ ಮಳೆ ಹೊಲಕ್ಕೆ ಬೀಳದಿದ್ದರೆ, ಪ್ರೀಮಿಯಂ ಕಟ್ಟಿದ ರೈತನಿಗೆ ಬಿಡಿಗಾಸೂ ಸಿಗದಿರಬಹುದು. ಮಾಪಕಗಳ ಸಾಂದ್ರತೆ ಹೆಚ್ಚಿ, ಅವು ಸುಸ್ಥಿತಿಯಲ್ಲಿದ್ದು, ದಾಖಲೆಯಲ್ಲಿ ಖಾಲಿ ಬಿಡದಿದ್ದರೆ ಮಾತ್ರ ಈ ಅಂತರ ಕಿರಿದಾದೀತು.

ಶಿಕ್ಷಕರು ತಮ್ಮ ತಾಲ್ಲೂಕಿನ ಎರಡು ಮಳೆಮಾಪಕಗಳ ಒಂದೇ ತಿಂಗಳ ದಿನವಹಿ ಅಂಕಿಗಳನ್ನು ವಿದ್ಯಾರ್ಥಿಗಳಿಂದ ಹೋಲಿಸಿ ನೋಡಿಸಬಹುದು. ‘ಆರ್’ ಉಚಿತವಾಗಿ ದೊರೆಯುತ್ತದೆ. ಗಣಕವಿಲ್ಲದಿದ್ದರೆ ಗ್ರಾಫ್ ಹಾಳೆಯೂ ಸಾಕು.